ಉಪಗ್ರಹದತ್ತ ಬೆರಳು ಮಾಡುವ ಯಂತ್ರ: ತಾರಸಿಯ ಕೆಲಸದ ಟಿಪ್ಪಣಿಗಳು

ಮೊಬೈಲ್ ತೆರೆಯ ಭೂಪಟದ ಮೇಲೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಪುಟ್ಟ ಚುಕ್ಕೆಯಾಗಿ ಹರಿದಾಡಿಸುವ ಆ್ಯಪ್‌ಗಳು ಬೇಕಾದಷ್ಟಿವೆ. 'ಈಗ ಇಲ್ಲಿದೆ' ಎಂದು ಅವು ಹೇಳುತ್ತವೆ. ಆದರೆ ಆ ಕ್ಷಣದಲ್ಲಿ ಅದನ್ನು ಯಾರೂ ಅಳೆದಿರುವುದಿಲ್ಲ. ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಹಳೆಯದಾದ ಕಕ್ಷೆಯ ವಿವರದಿಂದ ಲೆಕ್ಕ ಹಾಕಿ ಇಟ್ಟ ಚುಕ್ಕೆ ಅದು. ಲೆಕ್ಕ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ನೆಲದ ಮೇಲೆ ನಿಂತು ನಾವೇ ಕಂಡುಕೊಳ್ಳಬಹುದೇ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಉತ್ತರ, ಕಂಡುಕೊಳ್ಳಬಹುದು; ಅದಕ್ಕೆ ದೊಡ್ಡ ಡಿಶ್ ಬೇಡ, ಕಣ್ಣು, ಒಂದು ಸಣ್ಣ ರೇಡಿಯೊ ಮತ್ತು ಸರಿಯಾದ ಗಡಿಯಾರ ಸಾಕು.

ಅದಕ್ಕಾಗಿ ಮೈಸೂರಿನ ನಮ್ಮ ಮನೆಯ ತಾರಸಿಯ ಮೇಲೆ ಕಟ್ಟಿದ ಯಂತ್ರ ಇದು. ಮರದ ಪೀಠದ ಮೇಲೆ ತಿರುಗುವ ಒಂದು ಬಿದಿರಿನ ಕಡ್ಡಿ. ಆಯ್ದ ಉಪಗ್ರಹ ಆಕಾಶದಲ್ಲಿ ಎಲ್ಲಿದೆಯೋ ಅತ್ತ ಅದರ ತುದಿ ಇರುತ್ತದೆ. ಉಪಗ್ರಹ ದಿಗಂತದ ಕೆಳಗಿದ್ದರೆ ಕಡ್ಡಿ ಮಲಗಿರುತ್ತದೆ, ಮುಂದೆ ಅದು ಯಾವ ದಿಕ್ಕಿನಿಂದ ಏಳಲಿದೆಯೋ ಆ ಕಡೆಗೆ ಮುಖ ಮಾಡಿ. ಕಡ್ಡಿಯ ಬದಲು ಲೇಸರ್ ಹಾಕಬಹುದಲ್ಲ ಎಂದು ಹಲವರು ಕೇಳಿದರು. ಬೇಡ. ಆಕಾಶಕ್ಕೆ ಹಾಯಿಸಿದ ಲೇಸರ್ ವಿಮಾನದ ಚಾಲಕರ ಕಣ್ಣಿಗೆ ಬಿದ್ದರೆ ಆಗುವ ಅಪಾಯ ದೊಡ್ಡದು.

ಸಾಮಾನುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕಂಥವು: ಒಂದು ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಪ್ಯೂಟರ್) ಬೋರ್ಡು, 28ಬಿವೈಜೆ-48 ಎಂಬ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸಣ್ಣ ಸ್ಟೆಪ್ಪರ್ ಮೋಟಾರುಗಳು ಎರಡು, ಅವುಗಳ ಯುಎಲ್‌ಎನ್2003 ಚಾಲಕ ಬೋರ್ಡುಗಳು, ಅಯಸ್ಕಾಂತ ಹತ್ತಿರ ಬಂದರೆ ತಿಳಿಸುವ ಒಂದು ಹಾಲ್ ಸೆನ್ಸರ್, ಗುಂಡಿಯಷ್ಟು ಸಣ್ಣ ಅಯಸ್ಕಾಂತ, ಕಡ್ಡಿ ತುದಿ ಮುಟ್ಟಿದ್ದನ್ನು ತಿಳಿಸುವ ಒಂದು ಲಿಮಿಟ್ ಸ್ವಿಚ್, 5 ವೋಲ್ಟ್ 2 ಆ್ಯಂಪಿಯರ್ ಅಡಾಪ್ಟರ್. ಮೋಟಾರುಗಳಿಗೆ ವಿದ್ಯುತ್ತನ್ನು ನೇರವಾಗಿ ಅಡಾಪ್ಟರಿನಿಂದಲೇ ಕೊಡಬೇಕು. ಬೋರ್ಡಿನ ಮೂಲಕ ಕೊಟ್ಟರೆ ವೈಫೈ ಎಚ್ಚರಗೊಳ್ಳುವ ಹೊತ್ತಿಗೆ ವೋಲ್ಟೇಜ್ ಕುಸಿದು ಬೋರ್ಡು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಅರ್ಡುಯಿನೊ ಯೂನೊ ಏಕೆ ಸಾಲದು

ಹವ್ಯಾಸಿಗಳ ಮನೆಯಲ್ಲಿ ಯೂನೊ ಎಂಬ ಸರಳ ಬೋರ್ಡು ಇದ್ದೇ ಇರುತ್ತದೆ, ಅದರಲ್ಲೇ ಮಾಡೋಣ ಎನ್ನಿಸುವುದು ಸಹಜ. ಕಾರಣ ಹೇಳಿಬಿಡುತ್ತೇನೆ. ಖಗೋಳ ಲೆಕ್ಕಗಳಲ್ಲಿ ಕಾಲವನ್ನು ಎಡೆಬಿಡದೆ ಸಾಗುವ ದಿನಗಳ ಎಣಿಕೆಯಾದ ಜೂಲಿಯನ್ ದಿನಗಳಲ್ಲಿ ಎಣಿಸುತ್ತಾರೆ. ಆ ಎಣಿಕೆ ಈಗ 24 ಲಕ್ಷ 60 ಸಾವಿರ ದಾಟಿದೆ. ಯೂನೊದಲ್ಲಿ ಹೆಚ್ಚು ಅಂಕಿ ಹಿಡಿಸುವ 'ಡಬಲ್' ಬಗೆಯ ಸಂಖ್ಯೆ ಎಂದು ಬರೆದರೂ ಸಿಗುವುದು 32 ಬಿಟ್‌ನ 'ಫ್ಲೋಟ್' ಮಾತ್ರ, ಅದರಲ್ಲಿ ಅಂಕಿಗಳಿಗೆ ಇರುವ ಜಾಗ 24 ಬಿಟ್. ಇಷ್ಟು ದೊಡ್ಡ ಸಂಖ್ಯೆಯನ್ನು ಅದರೊಳಗೆ ತುಂಬಿದಾಗ ಅಕ್ಕಪಕ್ಕದ ಎರಡು ಬೆಲೆಗಳ ನಡುವಿನ ಅಂತರ ಕಾಲು ದಿನ, ಅಂದರೆ ಆರು ಗಂಟೆ. ಆರು ಗಂಟೆಯಲ್ಲಿ ಬಾಹ್ಯಾಕಾಶ ನಿಲ್ದಾಣ ಭೂಮಿಯನ್ನು ಹೆಚ್ಚುಕಡಿಮೆ ನಾಲ್ಕು ಸುತ್ತು ಹಾಕಿರುತ್ತದೆ. ದಿನ ಮತ್ತು ದಿನದ ಭಾಗವನ್ನು ಬೇರೆ ಬೇರೆ ಇಟ್ಟುಕೊಂಡು ಇದನ್ನು ದಾಟಬಹುದು, ಆದರೆ ಮುಂದಿನ ಹೆಜ್ಜೆಗಳಲ್ಲೂ ಇದೇ ಇಕ್ಕಟ್ಟು ಕಾದಿರುತ್ತದೆ. ಇಎಸ್‌ಪಿ32 ನಿಜವಾದ 64 ಬಿಟ್ ಡಬಲ್ ಕೊಡುತ್ತದೆ. ಅದಕ್ಕೆ ಬೇಕಾದ ಯಂತ್ರಾಂಗ ಚಿಪ್ಪಿನಲ್ಲಿಲ್ಲ, ತಂತ್ರಾಂಶದ ಮೂಲಕವೇ ಮಾಡುತ್ತದೆ. ಹಾಗಿದ್ದರೂ ಸೆಕೆಂಡಿಗೆ ಹಲವು ಬಾರಿ ಸ್ಥಾನ ಲೆಕ್ಕ ಹಾಕಲು ಆ ವೇಗ ಧಾರಾಳ.

ಎರಡು ಸಾಲಿನ ಜಾತಕ

ಪ್ರತಿ ಉಪಗ್ರಹದ ಕಕ್ಷೆಯನ್ನು ಎರಡು ಸಾಲುಗಳಲ್ಲಿ ಬರೆದು ಹಂಚುವ ಪದ್ಧತಿ ದಶಕಗಳಿಂದ ಇದೆ. ಒಂದೊಂದು ಸಾಲಿಗೂ 69 ಅಕ್ಷರಗಳ ಜಾಗ, ಕೊನೆಯ ಅಂಕಿ ತಾಳೆ ನೋಡುವುದಕ್ಕೆ. ಅಮೆರಿಕದ ಬಾಹ್ಯಾಕಾಶ ಕಾವಲು ಜಾಲದ ರಡಾರುಗಳೂ ದೂರದರ್ಶಕಗಳೂ ಅಳೆದ ವಿವರವೇ ಮೂಲ. ಟಿ.ಎಸ್. ಕೆಲ್ಸೊ ಎಂಬವರು ನಡೆಸುವ ಜಾಲತಾಣ ಸೆಲೆಸ್‌ಟ್ರ್ಯಾಕ್‌ನಿಂದ ಇದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅಲ್ಲಿ ಹೊಸ ವಿವರ ಬಂದಿದೆಯೇ ಎಂದು ನೋಡುವುದೇ ಎರಡು ಗಂಟೆಗೊಮ್ಮೆ. ಆದ್ದರಿಂದ ನಿಮಿಷಕ್ಕೊಮ್ಮೆ ಕೇಳುವ ಕಾರ್ಯಕ್ರಮ ಬರೆಯುವುದು ಒಬ್ಬರ ಸೇವೆಯನ್ನು ಸುಮ್ಮನೆ ಹಿಂಡಿದಂತೆ. ನನ್ನ ಯಂತ್ರ ದಿನಕ್ಕೆ ಎರಡು ಸಲ ಇಳಿಸಿಕೊಂಡು ಫ್ಲ್ಯಾಶ್ ಸ್ಮೃತಿಯಲ್ಲಿ ಉಳಿಸಿಕೊಳ್ಳುತ್ತದೆ. ಕರೆಂಟ್ ಹೋಗಿ ಬಂದರೂ ವಿವರ ಅಲ್ಲೇ ಇರುತ್ತದೆ.

ಸಾಲುಗಳನ್ನು ಓದುವಾಗ ಎರಡು ಕಡೆ ಗಮನ ಬೇಕು. ಕಾಲದ ಅಂಕಣದಲ್ಲಿ 25100.50000000 ಎಂದಿದ್ದರೆ 2025ನೇ ವರ್ಷದ 100ನೇ ದಿನದ ನಡುಹಗಲು ಎಂದರ್ಥ. ಅದು ಏಪ್ರಿಲ್ 10, ಸಾರ್ವತ್ರಿಕ ಕಾಲಮಾನದಲ್ಲಿ 12 ಗಂಟೆ, ನಮ್ಮಲ್ಲಿ ಸಂಜೆ ಐದೂವರೆ. ಕಾರ್ಯಕ್ರಮದೊಳಗೆ ಎಲ್ಲವೂ ಸಾರ್ವತ್ರಿಕ ಕಾಲಮಾನದಲ್ಲೇ ನಡೆಯಬೇಕು. ಐದೂವರೆ ಗಂಟೆ ಕೂಡಿಸುವುದು ತೆರೆಯ ಮೇಲೆ ತೋರಿಸುವಾಗ ಮಾತ್ರ. ಎರಡನೆಯದು, ಕಕ್ಷೆ ಎಷ್ಟು ಚಪ್ಪಟೆ ಎಂದು ಹೇಳುವ ಉತ್ಕೇಂದ್ರತೆಯ ಅಂಕಣದಲ್ಲಿ ದಶಮಾಂಶ ಬಿಂದು ಇರುವುದೇ ಇಲ್ಲ. 0006703 ಎಂದು ಬರೆದದ್ದನ್ನು 0.0006703 ಎಂದು ಓದಬೇಕು.

ಈ ಅಂಶಗಳು ಎಸ್‌ಜಿಪಿ4 ಎಂಬ ಲೆಕ್ಕವಿಧಾನಕ್ಕಾಗಿಯೇ ಹೊಂದಿಸಿದ ಸರಾಸರಿಗಳು. ಬೇರೆ ವಿಧಾನಕ್ಕೆ, ಅದು ಇನ್ನೂ ಸೂಕ್ಷ್ಮವಾದದ್ದೇ ಆಗಲಿ, ಇವನ್ನು ಕೊಟ್ಟರೆ ಉತ್ತರ ಕೆಡುತ್ತದೆ. ಎಸ್‌ಜಿಪಿ4ರ ಸೂತ್ರಗಳು 1980ರ ಒಂದು ವರದಿಯಲ್ಲಿ ಸಾರ್ವಜನಿಕವಾಗಿ ಬಂದವು. 2006ರಲ್ಲಿ ಕಕ್ಷಾಗಣಿತದ ತಜ್ಞ ಡೇವಿಡ್ ವ್ಯಾಲಾಡೊ ಮತ್ತು ಸಂಗಡಿಗರು ಅದನ್ನು ತಿದ್ದಿ ಒಪ್ಪಮಾಡಿದರು. ನಾನು ಬಳಸಿದ್ದು ಆ ತಿದ್ದಿದ ರೂಪ. ಅದು ಕೊಡುವ ಸ್ಥಾನ ಭೂಮಿಯ ಜೊತೆ ತಿರುಗದ ಅಕ್ಷಗಳ ಮೇಲಿರುತ್ತದೆ. ಭೂಮಿ ಆ ಕ್ಷಣಕ್ಕೆ ಎಷ್ಟು ತಿರುಗಿದೆ ಎಂದು ನಾಕ್ಷತ್ರಿಕ ಕಾಲದಿಂದ ಕಂಡುಕೊಂಡು ಅಷ್ಟು ತಿರುಗಿಸಬೇಕು, ಅದರಿಂದ ತಾರಸಿಯ ಸ್ಥಾನವನ್ನು ಕಳೆಯಬೇಕು, ಉಳಿದ ಬಾಣವನ್ನು ಪೂರ್ವ, ಉತ್ತರ, ಮೇಲು ಎಂದು ಒಡೆಯಬೇಕು. ಆಗ ಎರಡು ಕೋನಗಳು ಕೈಗೆ ಬರುತ್ತವೆ: ಉತ್ತರದಿಂದ ಪ್ರದಕ್ಷಿಣವಾಗಿ ಎಣಿಸುವ ದಿಗಂಶ, ದಿಗಂತದಿಂದ ಮೇಲಕ್ಕೆ ಎಣಿಸುವ ಉನ್ನತಿ. ಎರಡು ಮೋಟಾರುಗಳಿಗೆ ಎರಡು ಕೋನ.

ಗಡಿಯಾರ ಮತ್ತು ಉತ್ತರ ದಿಕ್ಕು

ಗಣಿತಕ್ಕಿಂತ ಹೆಚ್ಚು ಶ್ರದ್ಧೆ ಬೇಡುವುದು ಈ ಎರಡು. ಬಾಹ್ಯಾಕಾಶ ನಿಲ್ದಾಣ ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ಸಾಗುತ್ತದೆ, ಎತ್ತರ 400 ಕಿಲೋಮೀಟರ್ ಆಸುಪಾಸು. ನೆತ್ತಿಯ ಮೇಲೆ ಹಾಯುವಾಗ ಗಡಿಯಾರ ಒಂದು ಸೆಕೆಂಡ್ ತಪ್ಪಿದರೆ ಕಡ್ಡಿ ಒಂದು ಡಿಗ್ರಿ ತಪ್ಪುತ್ತದೆ. ತಾರಸಿಯ ಸ್ಥಾನವನ್ನು ನೂರು ಮೀಟರ್ ತಪ್ಪಾಗಿ ಕೊಟ್ಟರೆ ಆಗುವ ವ್ಯತ್ಯಾಸ ಡಿಗ್ರಿಯ ನೂರನೇ ಒಂದೆರಡು ಭಾಗ, ಕಣ್ಣಿಗೆ ಕಾಣದು. ಅಕ್ಷಾಂಶ, ರೇಖಾಂಶಗಳನ್ನು ಆರು ದಶಮಾಂಶ ಸ್ಥಾನದವರೆಗೆ ಬರೆದು ಗಡಿಯಾರವನ್ನು ಕೈಗಡಿಯಾರ ನೋಡಿ ಹೊಂದಿಸುವವರಿಗೆ ಈ ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಅಂತರಜಾಲದ ಸಮಯ ಸರ್ವರಿನಿಂದ ಎನ್‌ಟಿಪಿ ಮೂಲಕ ಬರುವ ಸಮಯ ಈ ಕೆಲಸಕ್ಕೆ ಸಾಕು. ವೈಫೈ ಇಲ್ಲದ ಕಡೆ ಒಯ್ಯುವುದಾದರೆ ಡಿಎಸ್3231 ಗಡಿಯಾರದ ಚಿಪ್ಪು ಸೇರಿಸಬಹುದು. ಅದು ದಿನಕ್ಕೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಜಾರುವುದಿಲ್ಲ.

ಉತ್ತರ ದಿಕ್ಕಿಗೆ ದಿಕ್ಸೂಚಿಯನ್ನು ನಂಬಲಾಗದು. ದಕ್ಷಿಣ ಕರ್ನಾಟಕದಲ್ಲಿ ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ವ್ಯತ್ಯಾಸ ಒಂದು ಡಿಗ್ರಿಯ ಆಸುಪಾಸು, ಅದೇನೂ ತೊಂದರೆಯಲ್ಲ. ತೊಂದರೆ ಇರುವುದು ತಾರಸಿಯಲ್ಲಿ. ಆರ್‌ಸಿಸಿ ಛಾವಣಿಯೊಳಗಿನ ಕಬ್ಬಿಣದ ಸರಳುಗಳು, ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡು, ಮೇಲಾಗಿ ನಮ್ಮದೇ ಮೋಟಾರಿನೊಳಗಿನ ಅಯಸ್ಕಾಂತ. ನಾಲ್ಕು ಹೆಜ್ಜೆ ಆಚೆ ಹೋದರೆ ಮುಳ್ಳು ಬೇರೆಯೇ ದಿಕ್ಕು ತೋರಿಸುತ್ತದೆ. ಧ್ರುವ ನಕ್ಷತ್ರವನ್ನು ನೋಡೋಣವೆಂದರೆ ನಮ್ಮ ಅಕ್ಷಾಂಶದಲ್ಲಿ ಅದು ದಿಗಂತದಿಂದ ಹನ್ನೆರಡು ಡಿಗ್ರಿಯಷ್ಟೇ ಮೇಲೆ, ಊರಿನ ಬೆಳಕಿನಲ್ಲೂ ಮರಗಳ ಮರೆಯಲ್ಲೂ ಕಾಣಿಸುವುದೇ ಕಷ್ಟ.

ಉಳಿದದ್ದು ಸೂರ್ಯ. ತೂಗುಗುಂಡಿನ ದಾರದ ನೆರಳು ಸಮತಟ್ಟಾದ ಹಲಗೆಯ ಮೇಲೆ ಬೀಳುವಂತೆ ಮಾಡಿ, ಆ ಕ್ಷಣಕ್ಕೆ ಸೂರ್ಯನ ದಿಗಂಶವನ್ನು ಲೆಕ್ಕ ಹಾಕಿ, ನೆರಳಿನ ಗೆರೆಯಿಂದ ಉತ್ತರವನ್ನು ಗುರುತು ಹಾಕಿದೆ. ನಡುಹಗಲಲ್ಲೇ ಮಾಡಬೇಕೆಂದಿಲ್ಲ, ಬೆಳಗ್ಗೆ ಎಂಟು ಒಂಬತ್ತರ ಉದ್ದ ನೆರಳು ಇನ್ನೂ ಒಳ್ಳೆಯದು. ನಡುಹಗಲಲ್ಲಿ ಮಾಡುವವರು ಗಡಿಯಾರದ ಹನ್ನೆರಡನ್ನು ಸೂರ್ಯನ ಹನ್ನೆರಡು ಎಂದುಕೊಳ್ಳಬಾರದು. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಮೈಸೂರು ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿದೆ. ಹಾಗಾಗಿ ಇಲ್ಲಿ ಸೂರ್ಯ ದಕ್ಷಿಣೋತ್ತರ ರೇಖೆ ದಾಟುವುದು ಸರಾಸರಿ 12 ಗಂಟೆ 23 ನಿಮಿಷಕ್ಕೆ. ನವೆಂಬರ್ ಮೊದಲಲ್ಲಿ ಇದು 12 ಗಂಟೆ 7 ನಿಮಿಷಕ್ಕೆ ಹಿಂಜರಿಯುತ್ತದೆ, ಫೆಬ್ರುವರಿ ಮಧ್ಯದಲ್ಲಿ 12 ಗಂಟೆ 37 ನಿಮಿಷ ದಾಟುತ್ತದೆ. ಏಪ್ರಿಲ್ 22 ಮತ್ತು ಆಗಸ್ಟ್ 20ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆಯೇ ಬರುವುದರಿಂದ ಆ ದಿನಗಳ ನಡುಹಗಲಲ್ಲಿ ನೆರಳೇ ಇರುವುದಿಲ್ಲ.

ಪೀಠವನ್ನು ರಸಮಟ್ಟ ಇಟ್ಟು ಎರಡು ದಿಕ್ಕಿನಲ್ಲೂ ಸಮ ಮಾಡಿದೆ. ತಾರಸಿ ಸಮವಾಗಿ ಕಂಡರೂ ಮಳೆನೀರು ಹರಿಯಲೆಂದು ಒಂದು ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ, ಅದು ಉನ್ನತಿಯ ಕೋನಕ್ಕೆ ನೇರವಾಗಿ ಸೇರುತ್ತದೆ.

ಮೋಟಾರಿನ ಹಲ್ಲುಗಳು

28ಬಿವೈಜೆ-48 ಮೋಟಾರಿಗೆ ಬರೆದ ಮಾದರಿ ಕಾರ್ಯಕ್ರಮಗಳಲ್ಲಿ ಪ್ರತಿ ಸುತ್ತಿಗೆ 4096 ಅರೆಹೆಜ್ಜೆ ಎಂದು ಇರುವುದು ಸಾಮಾನ್ಯ. ಒಳಗಿನ ಗೇರು 64ಕ್ಕೆ 1 ಎಂದು ಹಿಡಿದ ಲೆಕ್ಕ ಅದು. ಬಿಚ್ಚಿ ಹಲ್ಲುಗಳನ್ನು ಎಣಿಸಿದರೆ ನಾಲ್ಕು ಜೋಡಿ ಚಕ್ರಗಳ ಅನುಪಾತ ಗುಣಿಸಿ 63.684 ಬರುತ್ತದೆ, ಅಂದರೆ ಸುತ್ತಿಗೆ ಸುಮಾರು 4076 ಅರೆಹೆಜ್ಜೆ. ವ್ಯತ್ಯಾಸ ಸಣ್ಣದೆನ್ನಿಸಬಹುದು, ಆದರೆ ಪ್ರತಿ ಸುತ್ತಿಗೂ 1.8 ಡಿಗ್ರಿ ಕೂಡುತ್ತಾ ಹೋಗುತ್ತದೆ. ಎಲ್ಲ ತಯಾರಿಕೆಗಳೂ ಒಂದೇ ರೀತಿ ಇರುತ್ತವೆ ಎಂದೂ ಹೇಳಲಾಗದು. ಆದ್ದರಿಂದ ತಿರುಗುವ ತಟ್ಟೆಗೆ ಅಯಸ್ಕಾಂತ ಅಂಟಿಸಿ, ಹಾಲ್ ಸೆನ್ಸರ್ ಅದನ್ನು ಒಮ್ಮೆ ಕಂಡು ಮತ್ತೆ ಕಾಣುವವರೆಗೆ ಎಷ್ಟು ಹೆಜ್ಜೆಯಾಯಿತು ಎಂದು ಯಂತ್ರದಿಂದಲೇ ಎಣಿಸಿದೆ. ಅದೇ ಸೆನ್ಸರ್ ಆಮೇಲೆ ದಿಗಂಶದ ಸೊನ್ನೆಯ ಗುರುತೂ ಆಗುತ್ತದೆ. ಉನ್ನತಿಗೆ ಲಿಮಿಟ್ ಸ್ವಿಚ್.

ಈ ಗೇರುಗಳಲ್ಲಿ ಸಡಿಲ ಬಹಳ. ದಿಕ್ಕು ಬದಲಿಸಿದಾಗ ಮೋಟಾರು ಒಂದು ಡಿಗ್ರಿಗೂ ಹೆಚ್ಚು ತಿರುಗುವವರೆಗೆ ಕಡ್ಡಿ ಅಲ್ಲಾಡದೆ ನಿಂತಿರುತ್ತದೆ. ಉನ್ನತಿಯ ಅಕ್ಷಕ್ಕೆ ತೆಳುವಾದ ರಬ್ಬರ್ ಬ್ಯಾಂಡ್ ಕಟ್ಟಿ ಹಲ್ಲುಗಳು ಸದಾ ಒಂದೇ ಬದಿಗೆ ಒತ್ತಿಕೊಂಡಿರುವಂತೆ ಮಾಡಿದೆ, ಸಡಿಲ ಹೋಯಿತು. ದಿಗಂಶಕ್ಕೆ ಅದು ಬೇಕಾಗಲಿಲ್ಲ. ಇಂಥ ಉಪಗ್ರಹ ಒಮ್ಮೆ ಹಾಯುವಾಗ ದಿಗಂಶ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ತಿರುಗುತ್ತಾ ಹೋಗುತ್ತದೆ. ಹೊರಡುವ ಮುಂಚೆ ಅದೇ ಬದಿಯಿಂದ ಬಂದು ನಿಂತರೆ ಸಾಕು.

ಉನ್ನತಿಯ ಮೋಟಾರು ತಿರುಗುವ ತಟ್ಟೆಯ ಮೇಲೆಯೇ ಕೂತಿರುವುದರಿಂದ ಅದರ ತಂತಿಗಳು ಸುತ್ತಿಕೊಳ್ಳುತ್ತವೆ. ಉಪಗ್ರಹ ಉತ್ತರ ದಿಕ್ಕನ್ನು ದಾಟಿದಾಗ ದಿಗಂಶ 359ರಿಂದ ಸೊನ್ನೆಗೆ ಹಾರುತ್ತದೆ. ಕಾರ್ಯಕ್ರಮಕ್ಕೆ ತಿಳಿವಳಿಕೆ ಇಲ್ಲದಿದ್ದರೆ ಕಡ್ಡಿ ಹಿಂದಕ್ಕೆ ಇಡೀ ಸುತ್ತು ಹಾಕುತ್ತದೆ, ಅಷ್ಟರಲ್ಲಿ ಉಪಗ್ರಹ ಕೈತಪ್ಪಿರುತ್ತದೆ. ಅದಕ್ಕೆ ಹಾಯುವಿಕೆ ಶುರುವಾಗುವ ಮೊದಲೇ ಆರಂಭದಿಂದ ಕೊನೆಯವರೆಗಿನ ದಿಗಂಶಗಳನ್ನು ಲೆಕ್ಕ ಹಾಕಿ, ಹಾರಿಕೆಗಳನ್ನು ಬಿಡಿಸಿ ಒಂದೇ ಎಳೆಯಾಗಿ ಮಾಡಿ, ಅದು ತಂತಿಯ ಮಿತಿಯೊಳಗೆ ಬರುವ ಆರಂಭವನ್ನು ಆರಿಸುತ್ತೇನೆ. ಹಾಯುವಿಕೆ ಮುಗಿದ ಮೇಲೆ ಸುತ್ತು ಬಿಚ್ಚುತ್ತದೆ.

ನೆತ್ತಿಯ ಇಕ್ಕಟ್ಟು ಬೇರೆ. ನಿಲ್ದಾಣ ನೆತ್ತಿಗೆ ಹತ್ತಿರವಾದಂತೆ ಉನ್ನತಿ ನಿಧಾನವಾಗಿಯೇ ಬದಲಾಗುತ್ತದೆ, ದಿಗಂಶ ಮಾತ್ರ ಓಡತೊಡಗುತ್ತದೆ. ಗರಿಷ್ಠ ಉನ್ನತಿ 80 ಡಿಗ್ರಿ ಇರುವ ಹಾಯುವಿಕೆಯಲ್ಲಿ ದಿಗಂಶದ ವೇಗ ಸೆಕೆಂಡಿಗೆ ಆರು ಡಿಗ್ರಿಯ ಹತ್ತಿರ, 85 ಡಿಗ್ರಿಯಾದರೆ ಹನ್ನೊಂದು ದಾಟುತ್ತದೆ. ಹಗುರವಾದ ಬಿದಿರಿನ ಕಡ್ಡಿಗೆ ಈ ವೇಗ ಸಾಧ್ಯ. ಭಾರದ ಆಂಟೆನಾ ಕಟ್ಟಿದರೆ ಸಾಧ್ಯವಿಲ್ಲ. ಉನ್ನತಿ ಅಕ್ಷವನ್ನು 180 ಡಿಗ್ರಿಯವರೆಗೆ ಬಿಟ್ಟರೆ ಸಮಸ್ಯೆ ತಾನಾಗಿ ತೀರುತ್ತದೆ ಎಂಬ ಮಾತು ಪ್ರಚಾರದಲ್ಲಿದೆ, ಅದು ಅರ್ಧ ನಿಜ. ಇಡೀ ಹಾಯುವಿಕೆಯನ್ನು ಮಗುಚಿ ಹಿಂಬಾಲಿಸಿದರೂ ದಿಗಂಶದ ವೇಗ ಅಷ್ಟೇ ಇರುತ್ತದೆ. ಉಪಾಯ ಇರುವುದು ದಿಗಂಶವನ್ನು ಉಪಗ್ರಹದ ದಾರಿಗೆ ಸರಿಯಾಗಿ ನಿಲ್ಲಿಸಿ, ಉನ್ನತಿಯೊಂದನ್ನೇ ನೆತ್ತಿಯ ಮೇಲಿಂದ ಆಚೆಗೆ ಹಾಯಿಸುವುದರಲ್ಲಿ. 85 ಡಿಗ್ರಿಯ ಹಾಯುವಿಕೆಯಲ್ಲಿ ಆಗ ಗುರಿ ತಪ್ಪುವುದು ಅತಿ ಹೆಚ್ಚೆಂದರೆ ಐದು ಡಿಗ್ರಿ. ಸಣ್ಣ ಯಾಗಿ ಆಂಟೆನಾ (ಹಳೆಯ ಟಿವಿ ಆಂಟೆನಾದಂತೆ ಕೋಲಿಗೆ ಅಡ್ಡಕಡ್ಡಿ ಜೋಡಿಸಿದ್ದು) ಕೇಳುವ ಕೋನ ಅದಕ್ಕಿಂತ ಎಷ್ಟೋ ಅಗಲ, ಅದಕ್ಕೆ ಗೊತ್ತೂ ಆಗುವುದಿಲ್ಲ. ಕಿರಿದಾದ ಕಿರಣದ ದೊಡ್ಡ ಡಿಶ್‌ಗಳಿಗೆ ಈ ರಿಯಾಯಿತಿ ಇಲ್ಲ. ವೃತ್ತಿಪರ ನೆಲದ ಕೇಂದ್ರಗಳಲ್ಲಿ ಮೂರನೆಯ ಅಕ್ಷವನ್ನು ಕೂಡಿಸುವುದೂ ಉಂಟು.

ನಿಂತ ಉಪಗ್ರಹದಿಂದ ಪರೀಕ್ಷೆ

ಮೊದಲ ಪರೀಕ್ಷೆಗೆ ಓಡದ ಉಪಗ್ರಹವೇ ಒಳ್ಳೆಯದು. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಭೂಸ್ಥಿರ ಕಕ್ಷೆಯಲ್ಲಿ 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ. ಭೂಸ್ಥಿರ ಉಪಗ್ರಹದ ದಿಕ್ಕನ್ನು ಕಾಗದದ ಮೇಲೆ ತ್ರಿಕೋನಮಿತಿಯಿಂದಲೇ ಕಂಡುಹಿಡಿಯಬಹುದು: ಮೈಸೂರಿನಿಂದ ದಿಗಂಶ ಸುಮಾರು 125, ಉನ್ನತಿ ಸುಮಾರು 66 ಡಿಗ್ರಿ. ಎರಡು ಸಾಲಿನ ವಿವರ ಓದಿ ಯಂತ್ರ ಬಂದು ನಿಂತ ಜಾಗವೂ ಅದೇ. ಗಂಟೆಗಟ್ಟಲೆ ಬಿಟ್ಟರೂ ಕಡ್ಡಿ ಕದಲಬಾರದು; ಕದಲಿದರೆ ಭೂಮಿಯ ತಿರುಗುವಿಕೆಯ ಹೆಜ್ಜೆಯಲ್ಲಿ ಎಲ್ಲೋ ದೋಷವಿದೆ ಎಂದರ್ಥ. ಅದು ನಿಂತಂತೆ ಕಾಣುವುದು ಹಾಸನದ ಎಂಸಿಎಫ್ ಎಂಬ ಇಸ್ರೊ ಉಪಗ್ರಹ ನಿಯಂತ್ರಣ ಕೇಂದ್ರದವರು ಆಗಾಗ ಅದನ್ನು ತಳ್ಳಿ ಜಾಗದಲ್ಲಿ ಉಳಿಸುವುದರಿಂದ. ಅಕ್ಕಪಕ್ಕದ ತಾರಸಿಗಳ ಡಿಶ್‌ಗಳ ಜೊತೆ ದಿಗಂಶವನ್ನು ಹೋಲಿಸಿ ನೋಡಬಹುದು. ಉನ್ನತಿಯನ್ನು ಹೋಲಿಸಬೇಡಿ: ಆ ಡಿಶ್‌ಗಳ ತಟ್ಟೆ ನಿಜವಾದ ಗುರಿಗಿಂತ ಕೆಳಗೆ ನೋಡುತ್ತಿರುವಂತೆ ಕಾಣುವುದು ಅವುಗಳ ವಿನ್ಯಾಸದಿಂದ.

ಕಣ್ಣಿನಿಂದ

ಸೂರ್ಯ ಮುಳುಗಿದ ಒಂದು ಗಂಟೆಯೊಳಗೆ, ಇಲ್ಲವೇ ಮೂಡುವ ಒಂದು ಗಂಟೆ ಮೊದಲು, ನಾವು ಕತ್ತಲಲ್ಲಿದ್ದು ನಿಲ್ದಾಣಕ್ಕೆ ಇನ್ನೂ ಬಿಸಿಲು ಬೀಳುತ್ತಿರುವಾಗ ಅದು ಬರಿಗಣ್ಣಿಗೆ ನಕ್ಷತ್ರಗಳಿಗಿಂತ ಪ್ರಕಾಶವಾಗಿ ಕಾಣುತ್ತದೆ. ಕಡ್ಡಿಯ ಬುಡದಿಂದ ತುದಿಯತ್ತ ಕಣ್ಣು ಹಾಯಿಸಿದರೆ ಗುರಿ ಸರಿಯೇ ಎಂಬುದು ಕೂಡಲೇ ಗೊತ್ತಾಗುತ್ತದೆ. ಆದರೆ ಒಂದೆರಡು ಡಿಗ್ರಿಯ ವ್ಯತ್ಯಾಸವನ್ನು ಹೀಗೆ ಹಿಡಿಯಲಾಗದು. ಹೆಚ್ಚು ಚೊಕ್ಕವಾದ ದಾರಿ ನಕ್ಷತ್ರಗಳನ್ನು ಬಳಸುವುದು. ನಿಲ್ದಾಣ ಸ್ವಾತಿ, ಚಿತ್ತಾ, ಲುಬ್ಧಕದಂಥ ಯಾವುದಾದರೂ ಪ್ರಕಾಶಮಾನ ನಕ್ಷತ್ರದ ಪಕ್ಕದಲ್ಲಿ ಹಾಯುವ ಕ್ಷಣವನ್ನು ಮೊಬೈಲಿನಲ್ಲಿ ವಿಡಿಯೊ ಹಿಡಿದು, ಸಮಯವನ್ನು ಲೆಕ್ಕದ ಸಮಯದೊಂದಿಗೆ ಹೋಲಿಸಿದೆ. ಅದೇ ದಿನದ ಕಕ್ಷಾವಿವರ ಇದ್ದಾಗ ಎರಡೂ ಕೂಡಿಬಂದವು. ಬೇಕೆಂದೇ ಒಂದು ವಾರ ಹಳೆಯ ವಿವರ ಹಾಕಿದಾಗ ನಿಲ್ದಾಣ ಹಲವು ಸೆಕೆಂಡು ಬೇರೆ ಸಮಯಕ್ಕೆ ಬಂತು. ಆ ಎತ್ತರದಲ್ಲಿ ತೆಳುವಾಗಿಯಾದರೂ ಗಾಳಿ ಇದೆ, ಸೂರ್ಯನ ಚಟುವಟಿಕೆ ಹೆಚ್ಚಿದಾಗ ಅದು ಇನ್ನಷ್ಟು ಉಬ್ಬಿ ಎಳೆಯುತ್ತದೆ. ಸಾಲದ್ದಕ್ಕೆ ನಿಲ್ದಾಣವನ್ನು ಆಗಾಗ ಮೇಲಕ್ಕೆ ತಳ್ಳುತ್ತಾರೆ. ಹಳೆಯ ವಿವರಕ್ಕೆ ಆ ತಳ್ಳುವಿಕೆ ಗೊತ್ತಿರುವುದಿಲ್ಲ.

ಕಿವಿಯಿಂದ

ನನಗೆ ಅತ್ಯಂತ ಸಂತೋಷ ಕೊಟ್ಟ ಭಾಗ ಇದು. ಮೋಡವಿದ್ದರೂ ಹಗಲಾದರೂ ನಡೆಯುತ್ತದೆ. ಬೇಕಾದದ್ದು ನಿಲ್ಲದೆ ಪ್ರಸಾರ ಮಾಡುವ ಒಂದು ಉಪಗ್ರಹ. ಬಹಳ ವರ್ಷ ಹವ್ಯಾಸಿಗಳು ಮೊದಲು ಹಿಡಿಯುತ್ತಿದ್ದ ನೋವಾ-15, 18 ಮತ್ತು 19 ಹವಾಮಾನ ಉಪಗ್ರಹಗಳನ್ನು 2025ರಲ್ಲಿ ನಿಲ್ಲಿಸಿಬಿಟ್ಟರು. ಹಾಗಾಗಿ ನಾನು ಆರಿಸಿಕೊಂಡದ್ದು 2019ರ ಡಿಸೆಂಬರಿನಲ್ಲಿ ಹಾರಿದ ರಷ್ಯಾದ ಹವ್ಯಾಸಿ ರೇಡಿಯೊ ಉಪಗ್ರಹ ಆರ್‌ಎಸ್-44. ಅದರ ಮೋರ್ಸ್ ಸಂಕೇತ 435.605 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಕೇಳಲು ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೊ ಆರ್‌ಟಿಎಲ್-ಎಸ್‌ಡಿಆರ್ ಮತ್ತು ಮರದ ಕೋಲಿಗೆ ತಾಮ್ರದ ತಂತಿ ಹೊಡೆದು ಮಾಡಿದ ಯಾಗಿ ಆಂಟೆನಾ; ಕಡ್ಡಿ ತೋರಿಸಿದತ್ತ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿದರಾಯಿತು. ಇಲ್ಲಿ ಕೇಳುವುದಷ್ಟೇ. ಉಪಗ್ರಹದ ಮೂಲಕ ಮಾತನಾಡಬೇಕೆನ್ನುವವರು ಹವ್ಯಾಸಿ ರೇಡಿಯೊ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು.

ಉಪಗ್ರಹ ನಮ್ಮತ್ತ ಬರುವಾಗ ಆವರ್ತನ ಎಂಟು ಒಂಬತ್ತು ಕಿಲೋಹರ್ಟ್ಸ್‌ನಷ್ಟು ಮೇಲಿರುತ್ತದೆ, ದೂರವಾಗುವಾಗ ಅಷ್ಟೇ ಕೆಳಗೆ. ನಡುವೆ ಈ ಬದಲಾವಣೆಯನ್ನು ತೋರಿಸುವ ಡಾಪ್ಲರ್ ವಕ್ರರೇಖೆ ಮಲಗಿದ 'ಎಸ್' ಆಕಾರದಲ್ಲಿ ಇಳಿಯುತ್ತದೆ. ಅತಿ ಕಡಿದಾಗಿ ಇಳಿಯುವ ಕ್ಷಣವೇ ಉಪಗ್ರಹ ನಮಗೆ ಅತಿ ಹತ್ತಿರ ಇರುವ ಕ್ಷಣ. ಆವರ್ತನ ಸರಿಯಾಗಿ 435.605 ಆಗುವ ಕ್ಷಣವನ್ನು ಹುಡುಕುವುದು ಅಷ್ಟು ನಂಬಿಕೆಯದಲ್ಲ, ಏಕೆಂದರೆ ನಮ್ಮ ರೇಡಿಯೊದ ಸ್ಫಟಿಕವೂ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೆ ಸಾಕು, 435 ಹರ್ಟ್ಸ್ ಸರಿದಿರುತ್ತದೆ. ಇಳಿಜಾರಿಗೆ ಆ ತೊಂದರೆ ಇಲ್ಲ. ಹತ್ತು ಸೆಕೆಂಡಿಗೊಮ್ಮೆ ಆವರ್ತನವನ್ನು ಗುರುತಿಸಿಕೊಂಡು ಎಕ್ಸೆಲ್ ಹಾಳೆಯಲ್ಲಿ ಹಾಕಿ, ಲೆಕ್ಕದ ವಕ್ರರೇಖೆಯನ್ನು ಅದರ ಮೇಲೆ ಇಟ್ಟು, ಎರಡು ಸಂಖ್ಯೆಗಳನ್ನಷ್ಟೇ ಸರಿಸುತ್ತಾ ಕೂಡಿಸಿದೆ: ಒಂದು ಆವರ್ತನದ ಸರಿತ, ಇನ್ನೊಂದು ಸಮಯದ ಸರಿತ. ಮೊದಲನೆಯದು ನನ್ನ ರೇಡಿಯೊದ ದೋಷವನ್ನು ನುಂಗಿಕೊಳ್ಳುತ್ತದೆ. ಎರಡನೆಯದು ಉಪಗ್ರಹ ಲೆಕ್ಕಕ್ಕಿಂತ ಎಷ್ಟು ಮುಂದೆ ಅಥವಾ ಹಿಂದೆ ಇದೆ ಎಂದು ಹೇಳುತ್ತದೆ. ಆರ್‌ಎಸ್-44ರ ಸಮಯದ ಸರಿತ ಒಂದು ಸೆಕೆಂಡಿನೊಳಗೇ ಉಳಿಯಿತು, ವಾರ ಹಳೆಯ ವಿವರ ಹಾಕಿದರೂ. ಅದು ಹಾರುವುದು ಸಾವಿರದ ನೂರು ಕಿಲೋಮೀಟರಿಗೂ ಮೇಲೆ, ಅಲ್ಲಿ ಎಳೆಯಲು ಗಾಳಿಯೇ ಇಲ್ಲವೆನ್ನುವಷ್ಟು ಕಡಿಮೆ. ನಿಲ್ದಾಣಕ್ಕೂ ಇದಕ್ಕೂ ಇರುವ ಈ ಅಂತರವನ್ನು ಯಾವ ಆ್ಯಪ್ ಕೂಡ ನನಗೆ ತೋರಿಸಿರಲಿಲ್ಲ.

ಈ ದಾರಿ ಹಳೆಯದು. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದ ವಿಲಿಯಂ ಗಯರ್ ಮತ್ತು ಜಾರ್ಜ್ ವೈಫನ್‌ಬಾಕ್ ಅದರ 20 ಮೆಗಾಹರ್ಟ್ಸ್ ಸಂಕೇತದ ಡಾಪ್ಲರ್ ಸರಿತದಿಂದಲೇ ಕಕ್ಷೆಯನ್ನು ಬಿಡಿಸಿದರು. ಕಕ್ಷೆ ಗೊತ್ತಿದ್ದರೆ ಇದನ್ನೇ ತಿರುವಿಹಾಕಿ ಕೇಳುವವನ ಸ್ಥಾನ ಕಂಡುಹಿಡಿಯಬಹುದು ಎಂಬ ವಿಚಾರದಿಂದ ಟ್ರಾನ್ಸಿಟ್ ಎಂಬ ಮೊದಲ ಉಪಗ್ರಹ ಸಂಚಾರ ವ್ಯವಸ್ಥೆ ಹುಟ್ಟಿತು.

ಮುಂದಿನ ಕೆಲಸ

ಎರಡು ಸಾಲಿನ ಪದ್ಧತಿಯಲ್ಲಿ ಉಪಗ್ರಹದ ಸಂಖ್ಯೆಗೆ ಐದು ಅಂಕಿಯ ಜಾಗ ಮಾತ್ರ ಇದೆ. ನಿಲ್ದಾಣದ್ದು 25544. ಈಗಿನ ವೇಗದಲ್ಲಿ ಉಪಗ್ರಹಗಳು ಹಾರುತ್ತಿರುವಾಗ ಆ ಜಾಗ ಸಾಲದಾಗಿದೆ, ಆರಂಕಿಯ ಸಂಖ್ಯೆ ಪಡೆಯುವ ವಸ್ತುಗಳ ವಿವರ ಸೆಲೆಸ್‌ಟ್ರ್ಯಾಕ್‌ನಲ್ಲಿ ಈ ರೂಪದಲ್ಲಿ ಸಿಗುವುದಿಲ್ಲ. ಸೆಲೆಸ್‌ಟ್ರ್ಯಾಕ್ ಅದೇ ಅಂಶಗಳನ್ನು ಓಎಂಎಂ ಎಂಬ ರೂಪದಲ್ಲಿ, ಪ್ರತಿ ಅಂಶಕ್ಕೂ ಹೆಸರು ಕೊಟ್ಟು ಬರೆಯುವ ಜೇಸನ್ ಕಡತವಾಗಿಯೂ ಕೊಡುತ್ತದೆ. ಓದುವ ಭಾಗವನ್ನು ಅದಕ್ಕೆ ಬದಲಿಸುತ್ತಿದ್ದೇನೆ. ಇಡೀ ಗುಂಪಿನ ಕಡತ ಇಎಸ್‌ಪಿ32ರ ಸ್ಮೃತಿಗೆ ಭಾರವಾಗುವುದರಿಂದ ಬೇಕಾದ ಉಪಗ್ರಹದ ಸಂಖ್ಯೆಯನ್ನಷ್ಟೇ ಕೇಳಬೇಕು. ದಶಮಾಂಶ ಬಿಂದು ಅಲ್ಲಿ ಸ್ಪಷ್ಟವಾಗಿಯೇ ಇರುವುದರಿಂದ ಉತ್ಕೇಂದ್ರತೆಗಾಗಿ ಬರೆದ ಸಾಲುಗಳನ್ನು ಕಿತ್ತುಹಾಕಬಹುದು. ಎಸ್‌ಜಿಪಿ4ರ ಭಾಗ ಇದ್ದಂತೆಯೇ ಇರುತ್ತದೆ.